ಮೊದಲ ಪದ ತಾತ ಹೇಳುತ್ತಿದ್ದರು

ನಮ್ಮ ಕೆಳಗಡೆ ಮನೆಯ ಮಹಾನಂದಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅವಳು ಪೇಪರಿನಲ್ಲಿ ಫೋಟೋ ಬರುವಂಥ ಹೆಂಗಸಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾಳೆ, ಮಾವನ ಪೂಜೆಗೆ ಅಣಿ ಮಾಡುತ್ತಾಳೆ, ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಾಳೆ, ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಸೊಪ್ಪು ಬಿಡಿಸುತ್ತಾಳೆ. ಇಂಥವರ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ರಿಟೈರ್ ಆಗಿದೆ, ಸೊಂಟನೋವನ್ನು ನೋಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗರತ್ನಮ್ಮ. ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೂತು ಜೀವ ಸವೆಸಿದವಳು. ಚಾಮರಾಜಪೇಟೆಯ ಈ ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮಾಲೀಕರ ಗೋಡೆಯ ಮೇಲೆ ಬಸವಣ್ಣನ ಪಟ. ಮನೆ ಕೊಡುವಾಗ ಮಾಲೀಕರಾದ ನಂಜುಂಡಯ್ಯನವರು ನನ್ನನ್ನು ಕೇಳಿದ್ದು ಒಂದೇ, "ನೀರು ಹಿತಮಿತವಾಗಿ ಬಳಸ್ತೀರಾ ಅಮ್ಮಾ?" ಬೇರೆ ಕಡೆ ನನ್ನನ್ನು ಏನೇನು ಕೇಳಿದ್ದಾರೆ ಅಂತ ನನಗೆ ಗೊತ್ತು, ಆದ್ದರಿಂದ ಆ ಮುದುಕರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಅವರ ಮೇಲೆ ಸಿಟ್ಟು ಬಂದ ದಿನವೂ ಆ ಗೌರವ ಹೋಗಲಿಲ್ಲ.

ನಂಜುಂಡಯ್ಯನವರು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ನಡೆಸಿದವರು. ಈಗ ಅದನ್ನು ಅವರ ಒಬ್ಬನೇ ಮಗ ಲೋಹಿತ್ ನೋಡಿಕೊಳ್ಳುತ್ತಾನೆ. ಅವನ ಹೆಂಡತಿಯೇ ಮಹಾನಂದ. ತಿಪಟೂರಿನ ಕಡೆಯ ಹುಡುಗಿ, ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ ಮದುವೆಯಾಯಿತು. ಅತ್ತೆ ಬೇಗ ತೀರಿಹೋದರು, ಅವಳಿಗೆ ಅವಳಿ ಮಕ್ಕಳಾದವು, ಪರೀಕ್ಷೆಯ ಪುಸ್ತಕಗಳು ಅಟ್ಟ ಸೇರಿದವು. ಅದೊಂದು ದೊಡ್ಡ ದುರಂತ ಅಂತ ಅವಳೂ ಹೇಳಿಕೊಂಡು ತಿರುಗಲಿಲ್ಲ, ನಾನೂ ಹೇಳುವುದಿಲ್ಲ. ಮಕ್ಕಳಲ್ಲಿ ಒಂದು ಗಂಡು, ಕೈಲಾಸ್. ಇನ್ನೊಂದು ಹೆಣ್ಣು, ಹರ್ಷಿತಾ. ನಾನು ಹೇಳುವ ಕಾಲಕ್ಕೆ ಇಬ್ಬರಿಗೂ ಎಂಟು ವರ್ಷ, ಮೂರನೇ ಕ್ಲಾಸು.

ಕೈಲಾಸ್ ಅಂದರೆ ಗಲಾಟೆ. ಕ್ಲಾಸಿನಲ್ಲಿ ಎದ್ದು ನಿಂತು ಓದು ಅಂದರೆ ಬೆಂಚಿನ ಕೆಳಗೆ ತೂರಿಕೊಳ್ಳುತ್ತಿದ್ದ. ಎಳೆದು ಕೂರಿಸಿದ ಮಾನಿಟರ್ ಹುಡುಗನ ಕೈ ಕಚ್ಚಿದ. ಕನ್ನಡ ಪುಸ್ತಕದ ಹಾಳೆ ಹರಿದು ರಾಕೆಟ್ ಮಾಡಿ ಮಿಸ್ಸಿನ ತಲೆಗೇ ಗುರಿಯಿಟ್ಟ. ಪ್ರತಿ ಸಲವೂ ಸ್ಕೂಲಿನಿಂದ ಫೋನ್ ಬರುತ್ತಿದ್ದದ್ದು ಮಹಾನಂದಳಿಗೆ. ಲೋಹಿತನ ನಂಬರೂ ಸ್ಕೂಲಿನವರ ಹತ್ತಿರ ಇತ್ತು, ಅದಕ್ಕೆ ಫೀಸಿನ ಮೆಸೇಜ್ ಮಾತ್ರ ಹೋಗುತ್ತಿತ್ತು. ಒಂದು ದಿನ ಅವಳನ್ನು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿಕೊಂಡು ಮಿಸ್ಸು ಕೇಳಿದರಂತೆ, "ಮೇಡಮ್, ನೀವು ಮನೇಲೇ ಇರ್ತೀರಲ್ವಾ? ಸ್ವಲ್ಪ ಕೂರಿಸ್ಕೊಂಡು ಓದಿಸ್ಬಾರ್ದಾ? ಅವನ ಜೊತೇಲೇ ಹುಟ್ಟಿದವಳನ್ನ ನೋಡಿ, ಎಷ್ಟು ನೀಟು, ಎಷ್ಟು ಸೈಲೆಂಟು!"

ಅವಳು ಕೂರಿಸಿಕೊಂಡಳು. ಮುದ್ದು ಮಾಡಿ ನೋಡಿದಳು, ಹೆದರಿಸಿ ನೋಡಿದಳು, ಟಿವಿ ಕೇಬಲ್ ಕಿತ್ತು ನೋಡಿದಳು. ತಿಪಟೂರಿನಿಂದ ಅವಳ ಅಮ್ಮ ಫೋನಿನಲ್ಲಿ, ಬಸುರಿಯಾಗಿದ್ದಾಗ ನೀನು ಸರಿಯಾಗಿ ಊಟ ಮಾಡಲಿಲ್ಲ ಅಂದರು. ಲೋಹಿತ್, ನೀನು ಅವನನ್ನು ಮುದ್ದು ಮಾಡಿ ಕೆಡಿಸಿದ್ದೀಯ ಅಂದ. ಮಗು ಓದದಿದ್ದರೆ ತಾಯಿಯ ಹೊಟ್ಟೆಯಿಂದ ಹಿಡಿದು ತಾಯಿಯ ಕೈಯವರೆಗೆ ತಪ್ಪು ಹುಡುಕುತ್ತಾರೆ, ಅಪ್ಪನ ಸುದ್ದಿಗೆ ಯಾರೂ ಹೋಗುವುದಿಲ್ಲ. ಕೌಂಟರಿನಲ್ಲಿ ಕೂತಷ್ಟು ವರ್ಷವೂ ನಾನು ಇದನ್ನೇ ನೋಡಿದ್ದೇನೆ, ಇನ್ನೂ ಇದಕ್ಕೆ ಮೈ ಉರಿಯುತ್ತದೆ.

ಕೊನೆಗೆ ಸ್ಕೂಲಿನಲ್ಲೇ ಒಬ್ಬ ಪುಣ್ಯಾತ್ಗಿತ್ತಿ, ಆಟದ ಟೀಚರ್ ಅಂತೆ, ಇವನನ್ನು ಒಮ್ಮೆ ಪರೀಕ್ಷೆ ಮಾಡಿಸಿ ಅಂದರು. ಹನುಮಂತನಗರದಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುವ ಸಣ್ಣ ಕೇಂದ್ರವೊಂದಿತ್ತು. ಅಲ್ಲಿನ ಟೀಚರ್ ತೇಜಶ್ರೀ, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಅವಳು ಕೈಲಾಸನನ್ನು ಕೂರಿಸಿಕೊಂಡು ಆಡಿಸುತ್ತಾ ಆಡಿಸುತ್ತಾ ಎಲ್ಲ ಪರೀಕ್ಷೆ ಮಾಡಿಸಿ, ಇದು ಡಿಸ್ಲೆಕ್ಸಿಯಾ ಅಂದಳು. ಬುದ್ಧಿ ಚೆನ್ನಾಗಿದೆ, ಕಣ್ಣು ಕಿವಿ ಚೆನ್ನಾಗಿವೆ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳುವುದು ಮಾತ್ರ ಇವನಿಗೆ ಕಷ್ಟ. ಬೇರೆ ರೀತಿಯಲ್ಲಿ, ನಿಧಾನವಾಗಿ ಕಲಿಸಿದರೆ ಕಲಿಯುತ್ತಾನೆ. ಸೋಮಾರಿತನವಲ್ಲ, ಬೆಳೆಸಿದ್ದರ ದೋಷವೂ ಅಲ್ಲ.

ಆವತ್ತು ಮಹಾನಂದ ಮನೆಯೊಳಕ್ಕೂ ಹೋಗದೆ ನೆಟ್ಟಗೆ ನನ್ನ ಮಹಡಿ ಹತ್ತಿ ಬಂದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಗಂಗಕ್ಕ, ನನ್ನ ತಪ್ಪಲ್ವಂತೆ" ಅಂದಳು.

"ನಿನ್ನ ತಪ್ಪು ಅಂತ ಯಾರೇ ಹೇಳಿದ್ರು?"

"ಎಲ್ರೂ."

ಅಷ್ಟು ಹೇಳಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ಕಣ್ಣು ತುಂಬಿತು. ಆಮೇಲೆ ಇಬ್ಬರೂ ಕಾಫಿ ಕುಡಿದೆವು.

ಮನೆಯವರೂ ಒಪ್ಪಿಕೊಂಡರು. ನಂಜುಂಡಯ್ಯನವರು, "ಗಂಡುಹುಡುಗ, ನಾಳೆ ಮಂಡಿ ನೋಡ್ಕೊಳ್ಳೋನು. ನಾಲ್ಕಕ್ಷರ ಬರ್ಲೇಬೇಕು. ಕರ್ಕೊಂಡ್ ಹೋಗಮ್ಮ" ಅಂದರು. ವಾರದಲ್ಲಿ ಎರಡು ದಿನ ತಾಯಿ ಮಗ ಆಟೋದಲ್ಲಿ ಹನುಮಂತನಗರಕ್ಕೆ ಹೋಗಿಬರತೊಡಗಿದರು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ನಾಲ್ಕು ಐದನೇ ಕ್ಲಾಸಿಗೆ ಹೋದ ಮೇಲೆ ಪಾಠ ಉದ್ದವಾಗುತ್ತದೆ, ಅಷ್ಟರಲ್ಲಿ ಮಗುವಿನ ಮನಸ್ಸೇ ಮುರಿದಿರುತ್ತದೆ ಅಂತ ತೇಜಶ್ರೀ ಹೇಳಿದ್ದಳು. ಈ ಮಾತು ಮಹಾನಂದಳ ತಲೆಯಲ್ಲಿ ಕೂತಿತ್ತು.

ಇನ್ನು ಹರ್ಷಿತಾ. ಇವಳ ಬಗ್ಗೆ ಹೇಳುವಾಗ ಇಡೀ ಬೀದಿಯ ಬಾಯಿಗೆ ಬರುತ್ತಿದ್ದ ಮಾತು ಒಂದೇ, ಜಾಣೆ. ಬರವಣಿಗೆ ಮುತ್ತು ಪೋಣಿಸಿದಂತೆ. ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿ ಬಿಡಿಸುವ ಹಾಗೆ ಚೂರೂ ತಪ್ಪದೆ ಇಳಿಸಿಕೊಳ್ಳುತ್ತಿದ್ದಳು. ಮಿಸ್ಸು ಪಾಠವನ್ನು ಒಮ್ಮೆ ಓದಿ ಹೇಳಿದರೆ ಸಾಕು, ಇವಳು ಹಾಗೇ ಒಪ್ಪಿಸುತ್ತಿದ್ದಳು. ಮನೆಯಲ್ಲಂತೂ ಕರೆಯುವ ಮೊದಲೇ ಬಂದು ನಿಲ್ಲುವಳು. ನೀರು ಕೊಡುವಳು, ತಟ್ಟೆ ತೆಗೆಯುವಳು, ಸ್ಟೂಲಿನ ಮೇಲೆ ಹತ್ತಿ ಪಾತ್ರೆ ತೊಳೆಯುವಳು. "ನಿಮ್ಮಜ್ಜಿನೇ ಮತ್ತೆ ಹುಟ್ಟಿ ಬಂದವಳೆ" ಅಂತ ನಂಜುಂಡಯ್ಯನವರು ಮೊಮ್ಮಗಳ ತಲೆ ಸವರುತ್ತಿದ್ದರು.

ಇದಕ್ಕೆಲ್ಲ ಕಿರೀಟವಿಟ್ಟಂತೆ ವಚನ. ಸೋಮವಾರ ಸಂಜೆ ಈ ಮನೆಯ ಹಜಾರದಲ್ಲಿ ಅಕ್ಕನ ಬಳಗದ ಹೆಂಗಸರು ಸೇರುತ್ತಾರೆ. ಜಮಖಾನ ಹಾಸಿ, ವಿಭೂತಿ ಹಚ್ಚಿಕೊಂಡು, ಎಲ್ಲರೂ ಸೇರಿ ವಚನ ಹೇಳುತ್ತಾರೆ. ನನ್ನನ್ನೂ ಕರೆಯುತ್ತಾರೆ, ನಾನೂ ಹೋಗಿ ಗೋಡೆಗೊರಗಿ ಕೂರುತ್ತೇನೆ. ಮಕ್ಕಳಿಗೆ ವಚನ ಹೇಳಿಸುವುದು ನಂಜುಂಡಯ್ಯನವರ ಕೆಲಸ. ಅವರು ಹೇಳಿಸುವ ಕ್ರಮ ಅವರ ತಂದೆ ಅವರಿಗೆ ಹೇಳಿಸಿದ ಕ್ರಮವೇ. ಮಗು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ತೊಡೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಳ್ಳಬೇಕು. ತಾತ ಮೊದಲ ಪದ ಹೇಳಿ ನಿಲ್ಲಿಸುತ್ತಾರೆ. ಅಲ್ಲಿಂದ ಮಗು ಎತ್ತಿಕೊಂಡು ಕೊನೆಯ ಅಂಕಿತದವರೆಗೂ ಹೇಳಿ ಮುಗಿಸಬೇಕು. ಕೈಲಾಸ್ ಪುಸ್ತಕ ಕಂಡೊಡನೆ ಕಾಂಪೌಂಡು ಹಾರುತ್ತಿದ್ದ. ಹರ್ಷಿತಾ ಒಂದಾದ ಮೇಲೊಂದು, ಮಳೆ ಬಿದ್ದ ಹಾಗೆ ಹೇಳುತ್ತಿದ್ದಳು. ಕಂಠಪಾಠ ಸ್ಪರ್ಧೆಗಳಲ್ಲಿ ಅವಳು ಗೆದ್ದ ಸ್ಟೀಲಿನ ಡಬ್ಬಿಗಳು ಅಡುಗೆಮನೆಯ ಶೆಲ್ಫಿನಲ್ಲಿ ಸಾಲಾಗಿ ಕೂತಿದ್ದವು. ಎದುರುಮನೆಯ ಅಕ್ಕಯಮ್ಮ ಪ್ರತಿ ಸೋಮವಾರವೂ ದೃಷ್ಟಿ ತೆಗೆದು, "ಇಂಥಾ ಮಗಳು ನಮ್ಮ ಮನೇಲೂ ಹುಟ್ಟಬಾರ್ದಿತ್ತಾ" ಅನ್ನುತ್ತಿದ್ದರು. ತೊಡೆಯ ಮೇಲಿನ ಪುಸ್ತಕದ ಕಡೆ ಮಗು ಒಮ್ಮೆಯಾದರೂ ನೋಡುತ್ತದಾ ಅಂತ ಯಾರೂ ಗಮನಿಸಲಿಲ್ಲ. ಅಷ್ಟು ಚೆನ್ನಾಗಿ ಹೇಳುವ ಮಗುವಿಗೆ ಓದು ಬರುವುದಿಲ್ಲ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಮಹಾನಂದಳಿಗೆ ಹೊಳೆದದ್ದು ಕೈಲಾಸನ ಚೀಟಿಗಳಿಂದ. ಮನೆಯಲ್ಲಿ ಆಡಿಸಲು ತೇಜಶ್ರೀ ಒಂದು ಕಂತೆ ಚೀಟಿ ಕೊಟ್ಟಿದ್ದಳು. ಅದರಲ್ಲಿದ್ದ ಪದಗಳಿಗೆ ಅರ್ಥವೇ ಇರಲಿಲ್ಲ. ಟಮೀಗು, ದೋರಪ, ಇಂಥವು. ಅರ್ಥವಿದ್ದರೆ ಮಗು ಊಹೆ ಮಾಡಿಬಿಡುತ್ತದೆ, ಅರ್ಥವಿಲ್ಲದ್ದನ್ನು ಅಕ್ಷರ ಅಕ್ಷರವಾಗಿ ಓದಲೇಬೇಕು. ಕೈಲಾಸ್ ಹಟ ಹಿಡಿದ, "ಹರ್ಷಿನೂ ಆಡಿದ್ರೆ ಮಾತ್ರ ನಾನು ಆಡ್ತೀನಿ."

ಹರ್ಷಿತಾ ಬಂದು ಕೂತಳು. ಚೀಟಿ ಕೈಗೆ ತೆಗೆದುಕೊಂಡಳು, ನೋಡಿದಳು. "ಅಮ್ಮಾ, ಹಾಲು ಉಕ್ತಿದೆ ಅನ್ಸುತ್ತೆ, ನೋಡಿ ಬರ್ತೀನಿ" ಅಂತ ಎದ್ದು ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ. ಮಹಾನಂದ ಹಿಂದೆಯೇ ಹೋಗಿ ನೋಡಿದರೆ ಮಗು ಬಟ್ಟೆ ತೆಗೆದುಕೊಂಡು ಸ್ಟವ್ ಒರೆಸುತ್ತಿತ್ತು. ಮರುದಿನ ಕರೆದರೆ, "ಮೊದ್ಲು ಬಟ್ಟೆ ಮಡಚಿ ಬರ್ತೀನಿ" ಅಂದಳು. ಅದರ ಮರುದಿನ ತಾತನಿಗೆ ಬಿಸಿನೀರು.

ಆ ವಾರವೆಲ್ಲ ಮಹಾನಂದ ಮಗಳ ಮೇಲೆ ಒಂದು ಕಣ್ಣಿಟ್ಟಳು. ಹೋಮ್‌ವರ್ಕಿನಲ್ಲಿ ಬರೆದುಕೊಳ್ಳುವ ಕೆಲಸವಿದ್ದರೆ ಮಗು ಅಲ್ಲಾಡದೆ ಕೂರುತ್ತಿತ್ತು. ಹೊಸದಾಗಿ ಓದುವುದು ಅಂತ ಬಂದ ಕೂಡಲೇ ಎದ್ದು ಏನಾದರೊಂದು ಕೆಲಸ ಹಿಡಿಯುತ್ತಿತ್ತು. ಕೆಲಸ ಹಿಡಿದಾಗಲೆಲ್ಲ ಮನೆಯಲ್ಲಿ ಯಾರಾದರೂ ಹೊಗಳುತ್ತಿದ್ದರು.

ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ ಅವಳು ನನಗೆ ಇದನ್ನು ಹೇಳಿದಳು. ದನಿ ತೀರ ಸಣ್ಣದಾಗಿತ್ತು. "ಗಂಗಕ್ಕ, ನನ್ನ ಮಗಳು ಪಾತ್ರೆ ತೊಳೆಯೋದು ಆಸೆಯಿಂದ ಅಲ್ಲ. ಓದೋಕೆ ಹೆದರಿ ಅಡುಗೆಮನೇಲಿ ಬಚ್ಚಿಟ್ಕೊಳ್ತಿದಾಳೆ. ನಾವೆಲ್ಲ ಚಪ್ಪಾಳೆ ತಟ್ತಿದೀವಿ."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಎಂಟು ವರ್ಷದ ಕೂಸು, ಸ್ಟೂಲಿನ ಮೇಲೆ ನಿಂತು ಪಾತ್ರೆ ಉಜ್ಜುತ್ತಾ, ಇವತ್ತು ಒಂದು ದಿನ ಬಚಾವಾದೆ ಅಂದುಕೊಳ್ಳುತ್ತಿತ್ತಲ್ಲ. ಗಂಡುಹುಡುಗ ಪುಸ್ತಕ ಬಿಟ್ಟು ಎದ್ದರೆ ಎಲ್ಲಿ ಹೋದ ಅಂತ ಊರೆಲ್ಲ ಹುಡುಕುತ್ತಾರೆ. ಹುಡುಗಿ ಪುಸ್ತಕ ಬಿಟ್ಟು ಅಡುಗೆಮನೆಗೆ ಹೋದರೆ ಎಷ್ಟು ಒಳ್ಳೇ ಮಗು ಅನ್ನುತ್ತಾರೆ. ಕಚ್ಚಿದವನಿಗೆ ಟೀಚರ್ ಸಿಕ್ಕಳು, ಕಚ್ಚದವಳಿಗೆ ಸ್ಟೀಲಿನ ಡಬ್ಬಿ ಸಿಕ್ಕಿತು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗದೆ ಸೊಪ್ಪಿನ ದಂಟಿನ ಮೇಲೆ ತೀರಿಸಿಕೊಂಡೆ.

ರಾತ್ರಿ ಊಟಕ್ಕೆ ಬಡಿಸುವಾಗ ಮಹಾನಂದ ಗಂಡನಿಗೆ ಹೇಳಿದಳು, ಹರ್ಷಿತಾಳನ್ನೂ ಪರೀಕ್ಷೆ ಮಾಡಿಸೋಣ ಅಂತ. ಮರುದಿನ ಆ ಮಾತುಕತೆಯನ್ನು ಅವಳು ನನಗೆ ಒಂದಕ್ಷರ ಬಿಡದೆ ಹೇಳಿದಳು.

"ಒಂದೇ ಮನೇಲಿ ಇಬ್ರಿಗೂನಾ? ತಲೆ ಕೆಟ್ಟಿದ್ಯಾ ನಿಂಗೆ?" ಅಂದನಂತೆ ಲೋಹಿತ್. "ಬಳಗದಲ್ಲೆಲ್ಲ ಅವಳ ಹೆಸರು ಹೇಳ್ತಾರೆ. ಹುಡುಗನಿಗಾದ್ರೆ ಹೆಂಗೋ ನಡಿಯುತ್ತೆ. ಹೆಣ್ಣುಮಗುಗೆ ಇಂಥ ಹೆಸರು ಅಂಟಿದ್ರೆ ನಾಳೆ ನೋಡೋಕೆ ಬಂದೋರಿಗೆ ಏನ್ ಹೇಳ್ತೀಯ?"

"ಎಂಟು ವರ್ಷದ ಮಗು ರೀ ಅದು."

"ನಂಗೂ ಓದು ಹತ್ತಿರ್ಲಿಲ್ಲ. ಏನಾಯ್ತು ಈಗ? ಮಂಡಿ ನಡೀತಿಲ್ವಾ?"

ಅವನು ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಪೇಪರ್ ಓದಿದರೆ ತಲೆನೋವು ಅನ್ನುವವನು, ಎಲ್ಲರಿಗೂ ವಾಯ್ಸ್ ಮೆಸೇಜೇ ಕಳಿಸುವವನು. ಗಿರಾಕಿಗಳ ಮೂರು ತಲೆಮಾರಿನ ವಿವರ ಬಾಯಲ್ಲೇ ಇಟ್ಟುಕೊಂಡವನು. ಮನೆಯಲ್ಲಿ ಮತ್ಯಾರಿಗಾದರೂ ಓದುವುದು ಕಷ್ಟವಿತ್ತಾ ಅಂತ ತೇಜಶ್ರೀ ಕೇಳಿದಾಗ ಮಹಾನಂದಳಿಗೆ ನೆನಪಾದದ್ದು ಇವನೇ. ಆದರೆ ಗಂಡನ ಮುಖ ನೋಡಿ ಕೇಳುವ ಧೈರ್ಯ ಆಗಿರಲಿಲ್ಲ.

"ನಿಮಗೆ ಮಂಡಿ ಇತ್ತು" ಅಂದಳು. "ಅವಳಿಗೇನಿದೆ? ಪಾತ್ರೆ ತೊಟ್ಟಿನಾ?"

ಲೋಹಿತ್ ಅನ್ನ ಕಲಸುವುದನ್ನು ನಿಲ್ಲಿಸಿದ. ಕೊನೆಗೆ, "ಅಪ್ಪನ್ನ ಕೇಳು. ಅಪ್ಪ ಹೂಂ ಅಂದ್ರೆ ನಂದೇನೂ ಇಲ್ಲ" ಅಂದು ಕೈ ತೊಳೆದುಕೊಂಡ. ಕಷ್ಟದ ತೀರ್ಮಾನವನ್ನು ಅಪ್ಪನ ತಲೆಗೆ ಕಟ್ಟುವುದರಲ್ಲಿ ಈ ಗಂಡಸರು ಪಳಗಿದವರು.

ನಾನು ಹೇಳಿದೆ, "ಯಾರನ್ನ ಕೇಳ್ತೀಯೇ? ಕೈಲಾಸನ್ನ ಕರ್ಕೊಂಡು ಹೋಗ್ತೀಯಲ್ಲ, ಇವಳನ್ನೂ ಜೊತೇಲಿ ಎತ್ತಾಕ್ಕೊಂಡು ಹೋಗ್ಬಿಡು. ಯಾರಿಗೆ ಗೊತ್ತಾಗುತ್ತೆ?"

ಅವಳು ತಲೆಯಾಡಿಸಿದಳು. "ಬೇಡ ಗಂಗಕ್ಕ. ಬಚ್ಚಿಟ್ಕೊಂಡು ಬಚ್ಚಿಟ್ಕೊಂಡೇ ಅವಳು ಸಾಕಾಗಿದಾಳೆ. ಈಗ ನಾನೂ ಕದ್ದು ಕರ್ಕೊಂಡ್ ಹೋದ್ರೆ, ಇದು ಮುಚ್ಚಿಡೋ ವಿಷಯಾನೇ ಅಂತ ಹೇಳ್ಕೊಟ್ಟಂಗಾಗುತ್ತೆ."

ಸರ್ಕಾರಿ ಕೆಲಸ ಮಾಡಿದ ನನ್ನ ತಲೆಗೆ ಇದು ಹೊಳೆದಿರಲಿಲ್ಲ.

ಸೋಮವಾರ ಬಂತು. ಹರ್ಷಿತಾ ಎಂದಿನಂತೆ ವಚನ ಹೇಳಿದಳು, ಅಕ್ಕಯಮ್ಮ ಎಂದಿನಂತೆ ದೃಷ್ಟಿ ತೆಗೆದರು. ಬಳಗದವರೆಲ್ಲ ಹೋಗುವವರೆಗೂ ಮಹಾನಂದ ಕಾದಳು. ನಾನು ಜಮಖಾನ ಮಡಚುವ ನೆಪದಲ್ಲಿ ಉಳಿದುಕೊಂಡೆ. ಲೋಹಿತ್ ಆಗತಾನೇ ಮಂಡಿಯಿಂದ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಮಕ್ಕಳು ಹಿತ್ತಲಲ್ಲಿದ್ದವು.

"ಮಾವ, ಹರ್ಷಿಗೂ ಕೈಲಾಸನ ಥರಾನೇ ಇರ್ಬೋದು ಅನ್ಸುತ್ತೆ. ಪರೀಕ್ಷೆ ಮಾಡಿಸ್ಬೇಕು" ಅಂದಳು.

ನಂಜುಂಡಯ್ಯನವರು ಮೊದಲು ನಕ್ಕರು. ಅವಳು ನಗಲಿಲ್ಲವಾದ್ದರಿಂದ ಅವರ ಮುಖವೂ ಗಂಟಾಯಿತು. "ಏನಮ್ಮ ಇದು? ಈಗ್ತಾನೇ ಇಷ್ಟು ಜನರ ಮುಂದೆ ಮಗು ಹೇಳ್ಲಿಲ್ವಾ? ನನ್ನ ಮೊಮ್ಮಗಳಿಗೆ ಓದೋಕ್ ಬರಲ್ಲ ಅಂತೀಯಾ? ಹರ್ಷೀ, ಬಾಮ್ಮ ಇಲ್ಲಿ!"

ಮಗು ಬಂದು ತಾತನ ಎದುರು ಕೂತಿತು. ಅವರು ಪುಸ್ತಕವನ್ನು ಎಲ್ಲೋ ಒಂದು ಕಡೆ ಬಿಡಿಸಿ ಅದರ ತೊಡೆಯ ಮೇಲಿಟ್ಟರು. "ಓದು" ಅಂದರು. ಅನ್ನುತ್ತಲೇ ಅಭ್ಯಾಸಬಲದಿಂದ ಮೊದಲ ಪದ ಹೇಳಿದರು. ಹರ್ಷಿತಾ ಅದನ್ನು ಎತ್ತಿಕೊಂಡು ಎಲ್ಲೂ ತಡವರಿಸದೆ ಅಂಕಿತದವರೆಗೂ ಹೇಳಿ ಮುಗಿಸಿದಳು.

"ಹ್ಞಾಂ! ಈಗೇನಂತೀಯ?" ಅಂತ ಮುದುಕರು ಸೊಸೆಯ ಕಡೆ ತಿರುಗಿದರು.

"ಇನ್ನೊಂದು ಸಲ ಮಾವ. ಈ ಸಲ ಮೊದಲ್ನೇ ಪದ ನೀವು ಹೇಳ್ಬೇಡಿ."

"ನಾನೆಲ್ಲಿ ಹೇಳ್ದೆ?"

"ಹೇಳಿದ್ರಿ ಮಾವ."

ಅವರು ನನ್ನ ಕಡೆ ನೋಡಿದರು. ಹೌದು ಅಂತ ನಾನು ತಲೆಯಾಡಿಸಿದೆ. ಅವರಿಗೆ ನಿಜವಾಗಿಯೂ ಅದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೇ ಕೇಳಿ ಹಾಗೇ ಹೇಳಿಸಿದವರು, ಉಸಿರಾಡುವುದು ಯಾರಿಗೆ ಗೊತ್ತಾಗುತ್ತದೆ? ಅವರು ಬೇರೆ ಪುಟ ತಿರುಗಿಸಿದರು, ತುಟಿ ಬಿಗಿಹಿಡಿದು ಕೂತರು.

ಹರ್ಷಿತಾ ಪುಸ್ತಕ ನೋಡಿದಳು. ಬೆರಳನ್ನು ಮೊದಲ ಸಾಲಿನ ಮೇಲಿಟ್ಟಳು. ಆಮೇಲೆ ತಲೆಯೆತ್ತಿ ತಾತನ ತುಟಿ ನೋಡತೊಡಗಿದಳು. ಪದ ಅಲ್ಲಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಮಗುವಿನ ಕಿವಿ ಕೆಂಪಾದವು. ಎದ್ದು ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು ನನಗೆ. ಮಹಾನಂದ ಎರಡೂ ಕೈಯಿಂದ ಸೆರಗು ಹಿಂಡುತ್ತಿದ್ದಳು.

"ತಾತಾ" ಅಂದಳು ಹರ್ಷಿತಾ, "ಕಾಫಿ ತರ್ಲಾ?"

ನಂಜುಂಡಯ್ಯನವರ ತುಟಿ ನಡುಗುತ್ತಿತ್ತು. ಆ ಮೊದಲ ಪದವನ್ನು ಹೇಳಿ ಮೊಮ್ಮಗಳನ್ನು ಪಾರುಮಾಡಲು ಅವರಿಗೆ ಎಷ್ಟು ಆಸೆಯಾಗಿತ್ತು ಅಂತ ನಮಗೆಲ್ಲ ಕಾಣುತ್ತಿತ್ತು. ಅವರು ಹೇಳಲಿಲ್ಲ. ಕನ್ನಡಕ ತೆಗೆದು, "ಬೇಡ ಮಗಳೇ. ಇಲ್ಲೇ ಕೂತ್ಕೋ" ಅಂತ ಮೊಮ್ಮಗಳನ್ನು ಪಕ್ಕಕ್ಕೆಳೆದುಕೊಂಡರು.

ಬಾಗಿಲಲ್ಲಿ ಒಂದು ಶೂ ಬಿಚ್ಚಿ ಒಂದು ಹಾಗೇ ಇಟ್ಟುಕೊಂಡು ಲೋಹಿತ್ ನಿಂತಿದ್ದ. "ನಾನೂ ಹಿಂಗೇ ಅಪ್ಪಾಜಿ" ಅಂದ. "ನಿಮ್ಮ ಬಾಯಿ ನೋಡ್ತಿದ್ದೆ. ನೀವು ಆಮೇಲೆ ಮಂಡಿಗೆ ಕರ್ಕೊಂಡ್ ಹೋದ್ರಿ, ಬಚಾವಾದೆ." ಅಷ್ಟು ಹೇಳಿ ಆ ಒಂಟಿ ಶೂನಲ್ಲೇ ಹೊರಗೆ ಹೋಗಿ ಗೇಟು ಹಿಡಿದು ನಿಂತ. ಇಷ್ಟು ವರ್ಷದಲ್ಲಿ ನನಗೆ ಅವನ ಮೇಲೆ ಅಯ್ಯೋ ಅನ್ನಿಸಿದ್ದು ಅವತ್ತೇ.

ಶನಿವಾರ ಅವನೇ ಕಾರಿನಲ್ಲಿ ಎಲ್ಲರನ್ನೂ ಹನುಮಂತನಗರಕ್ಕೆ ಕರೆದುಕೊಂಡು ಹೋದ. ಒಳಗೆ ಮಾತ್ರ ಬರಲಿಲ್ಲ, ಪಾರ್ಕಿಂಗ್ ಸಿಗಲಿಲ್ಲ ಅಂತ ಹೇಳಿ ಕಾರಿನಲ್ಲೇ ಕೂತಿದ್ದ. ಪರೀಕ್ಷೆ ಮುಗಿಸಿ ತೇಜಶ್ರೀ ಹೇಳಿದಳಂತೆ, ಇವಳಿಗೂ ಅದೇ, ಅಣ್ಣನಿಗಿಂತ ಒಂದು ಕೈ ಜಾಸ್ತಿಯೇ. "ಅವನು ಜಗಳ ಆಡ್ದ, ಅದಕ್ಕೆ ಎಲ್ರಿಗೂ ಕಾಣಿಸ್ತು. ನನ್ನ ಹತ್ರ ಬರೋರಲ್ಲಿ ಹುಡುಗ್ರೇ ಜಾಸ್ತಿ ಮೇಡಮ್. ಹುಡುಗೀರಿಗೆ ಇಲ್ಲ ಅಂತಲ್ಲ, ಅವರನ್ನ ಯಾರೂ ಕರ್ಕೊಂಡ್ ಬರಲ್ಲ."

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅಂತ ನಾನೂ ಅಂದುಕೊಂಡೆ. ಮುಗಿಯಲಿಲ್ಲ. ಕೈಲಾಸನಿಗೆ ಕೇಂದ್ರಕ್ಕೆ ಹೋಗುವುದೆಂದರೆ ಆಟ. ಹರ್ಷಿತಾಳಿಗೆ ಅದು ಶಿಕ್ಷೆ. ಇಷ್ಟು ವರ್ಷ ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಾಗಿಬಿಟ್ಟಿತಲ್ಲ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಮೊದಲಿಗಿಂತ ಹೆಚ್ಚು ಕೆಲಸ ಮಾಡತೊಡಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳ ಗುಡಿಸಿರುತ್ತಿತ್ತು. ಚೀಟಿ ಹಿಡಿದು ಕೂತರೆ ತಲೆ ತಗ್ಗಿಸಿ ಹೂಂ ಹೂಂ ಅನ್ನುವಳು, ಬಾಯಿ ಬಿಡಳು. ಹೀಗೇ ಆದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ, ಮಗು ತಪ್ಪು ಓದಿದರೆ ಮಾತ್ರ ತಿದ್ದಬಹುದು, ಓದುವುದೇ ಇಲ್ಲ ಅಂದರೆ ಹೇಗೆ ಅಂತ ತೇಜಶ್ರೀ ಕೈಚೆಲ್ಲುವ ಹಂತಕ್ಕೆ ಬಂದಿದ್ದಳು. ಮಹಾನಂದಳ ಮುಖ ಸಣ್ಣಗಾಗಿತ್ತು. "ಪರೀಕ್ಷೆ ಮಾಡಿಸಿ ಮಗಳನ್ನ ಇನ್ನಷ್ಟು ಒಳಕ್ಕೆ ತಳ್ಬಿಟ್ನಾ ಗಂಗಕ್ಕ?" ಅಂತ ಕೇಳಿದಳು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಶುರುವಿನದು ಮಹಾನಂದ ಆಮೇಲೆ ನನಗೆ ಹೇಳಿದ್ದು. ಮಹಾನಂದ ಚೀಟಿಗಳನ್ನು ನೆಲದ ಮೇಲೆ ಹರಡಿದಳು. ಹರ್ಷಿತಾ ಎಂದಿನಂತೆ ಎದ್ದು, "ಪಾತ್ರೆ ಹಾಗೇ ಇದೆ" ಅಂತ ಅಡುಗೆಮನೆಯ ಕಡೆ ಹೊರಟಳು. ಮಹಾನಂದ ಅವಳಿಗಿಂತ ಮೊದಲು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಪಾತ್ರೆ ನಾನು ತೊಳೀತೀನಿ."

"ನಾನು ತೊಳೀತೀನಮ್ಮ."

"ಬೇಡ ಕಂದ. ಬಾ, ಕೂತ್ಕೋ."

"ಬಿಡಮ್ಮಾ."

"ಬಿಡಲ್ಲ."

ಮಗು ಆ ಕಡೆಯಿಂದ ನುಸುಳಲು ನೋಡಿತು, ಈ ಕಡೆಯಿಂದ ನೋಡಿತು. ಮಹಾನಂದ ಎರಡೂ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದಳು. ಆಗ ಹರ್ಷಿತಾ ಪಕ್ಕದ ಮೇಜಿನ ಮೇಲಿದ್ದ ಸ್ಟೀಲ್ ಚೊಂಬು ತೆಗೆದು ನೆಲಕ್ಕೆ ಅಪ್ಪಳಿಸಿದಳು. ಮಹಡಿಯಲ್ಲಿದ್ದ ನಾನು ಬೆಚ್ಚಿಬಿದ್ದೆ. ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವಳು ಶುರು ಮಾಡಿದ್ದಳು.

"ನಂಗೆ ಬರಲ್ಲಾ! ನಂಗೆ ಓದೋಕ್ ಬರಲ್ಲಾ! ನಾನು ಜಾಣೆ ಅಲ್ಲಾ! ಎಲ್ಲಾ ಸುಳ್ಳೂ!"

ಆ ಮಗುವಿನ ಗಂಟಲಲ್ಲಿ ಅಷ್ಟು ದೊಡ್ಡ ದನಿಯಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೈಲಾಸ್ ಬಾಯಿ ತೆರೆದುಕೊಂಡು ಗೋಡೆಗೆ ಅಂಟಿದ್ದ. ನಂಜುಂಡಯ್ಯನವರು ಪೂಜೆ ಕೋಣೆಯ ಬಾಗಿಲಿಗೆ ಬಂದು ನಿಂತರು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಎದುರುಮನೆಯ ಕಿಟಕಿ ತೆರೆದು ಅಕ್ಕಯಮ್ಮ ಕೂಗಿದರು, "ಏನಮ್ಮಾ ಮಹಾನಂದಾ, ಹೆಣ್ಣುಹುಡುಗಿ ಹಂಗೆ ಕಿರುಚ್ತಿದಾಳಲ್ಲ! ಬೀದಿಗೆಲ್ಲ ಕೇಳ್ತಿದೆ. ಸುಮ್ನಿರ್ಸಮ್ಮ ಅವಳನ್ನ!"

ಮಹಾನಂದ ಬಾಗಿಲು ಬಿಟ್ಟು ಬಂದಳು. ನಾನು ಅಂದುಕೊಂಡೆ, ಈಗ ಮಗುವಿನ ಬಾಯಿ ಮುಚ್ಚುತ್ತಾಳೆ, ಇಲ್ಲ ಕಿಟಕಿ ಮುಚ್ಚುತ್ತಾಳೆ ಅಂತ. ಅವಳು ಎರಡನ್ನೂ ಮಾಡಲಿಲ್ಲ. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆದರೆ ಎಷ್ಟೋ ದಿನದ ಮೇಲೆ ಮುಖ ಹಗುರವಾಗಿತ್ತು.

"ಕಿರುಚ್ಲಿ ಬಿಡಿ ಅಕ್ಕಯಮ್ಮನೋರೇ" ಅಂತ ಅವಳೂ ಬೀದಿಗೆ ಕೇಳುವಂತೆಯೇ ಕೂಗಿ ಹೇಳಿದಳು. "ಇಷ್ಟು ವರ್ಷ ಸುಮ್ನೇ ಇದ್ಲು."

ಹೇಳಿ, ಮಗಳ ಎದುರಿಗೆ ನೆಲದ ಮೇಲೆ ಕೂತಳು. ಹರ್ಷಿತಾ ಅಮ್ಮನ ಮುಖ ನೋಡಿಕೊಂಡೇ ಮತ್ತೆ ಕೂಗಿದಳು, ನಂಗೆ ಬರಲ್ಲ ಅಂತ. "ಗೊತ್ತು ಕಂದ, ಹೇಳು" ಅಂತ ಮಹಾನಂದ ಕೇಳಿಸಿಕೊಳ್ಳುತ್ತಾ ಕೂತಳು.